ಬಲಗಡೆ ಹೂ ಮತ್ತು ನಮ್ಮೂರ ಲಿಫ್ಟರ್

ದೇವರ ಪೂಜೆ ಮಾಡುವವನಿಗೆ ಕೋಪ ಬರಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರು ಯಾರೂ ನಮ್ಮೂರ ವಾಲಿಬಾಲ್ ಟೀಮಿನ ಆಟ ನೋಡಿದವರಲ್ಲ. ನೋಡಿದ್ದರೆ ಆ ಮಾತಿಗೆ ಒಂದು ವಿನಾಯಿತಿ ಇಟ್ಟಿರುತ್ತಿದ್ದರು. ನಮ್ಮ ಟೀಮು ಅಂಕಣಕ್ಕೆ ಇಳಿದಾಗಲೆಲ್ಲ ಏನಾದರೊಂದು ನಡೆಯುತ್ತದೆ, ನನ್ನ ಹೊಟ್ಟೆ ಉರಿಯುತ್ತದೆ, ನೋಡಿದವರು ನಗುತ್ತಾರೆ.

ನಾನು ತಮಿಳುನಾಡಿಗೆ ಸೇರಿದ ತಾಳವಾಡಿ ಕಡೆಯ ಒಂದು ಸಣ್ಣ ಊರಿನ ಮಾದಪ್ಪನ ಗುಡಿ ಪೂಜಾರಿ. ಜನ ಅಯ್ನೋರು ಅನ್ನುತ್ತಾರೆ. ಪ್ರಾಯದಲ್ಲಿ ನಾನೂ ಟೀಮಿನಲ್ಲಿದ್ದೆ. ಲಿಂಗದ ಕರಡಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡು ಲಿಫ್ಟರ್ ಆಗಿ ಆಡುತ್ತಿದ್ದೆ. ಲಿಫ್ಟರ್ ಅಂದರೆ ಎರಡನೇ ಕೈ. ಮೊದಲನೆಯವನು ಎತ್ತಿದ ಚೆಂಡನ್ನು ಹದವಾಗಿ ನೆಟ್ಟಿನ ನೆತ್ತಿಗೆ ಇಟ್ಟುಕೊಡುವವನು. ಅವನು ಸರಿಯಾಗಿ ಕೊಟ್ಟರೆ ಶಾಟ್ ಹೊಡೆಯುವವನಿಗೆ ಹೆಸರು. ಕೊಡದಿದ್ದರೆ ಊರಿಗೇ ಹೆಸರು. ಆ ಕಾಲದಲ್ಲಿ ಗೆದ್ದ ಒಂದೇ ಒಂದು ಕಪ್ಪು ಈಗಲೂ ಗುಡಿಯ ಗೂಡಿನಲ್ಲಿದೆ. ಅದರಲ್ಲಿ ಊದುಬತ್ತಿ ಸಿಕ್ಕಿಸುತ್ತೇನೆ.

ಈಗಿನ ಟೀಮು ತಾಳವಾಡಿಯ ಪೊಂಗಲ್ ಪಂದ್ಯದಲ್ಲಿ ಸತತ ಮೂರು ವರ್ಷ ಮೊದಲ ಆಟದಲ್ಲೇ ಸೋತಿತ್ತು. ಮೂರನೇ ಸಲ ಸೋತಾಗ ಪಂದ್ಯ ನಡೆಸುವವರು ಖಂಡಿತವಾಗಿ ಹೇಳಿಬಿಟ್ಟರು: "ಬರೋ ವರ್ಷನೂ ಮೊದಲ್ನೇ ಆಟದಲ್ಲೇ ಸೋತ್ರೆ ನಿಮ್ಮೂರ ಎಸ್ರು ಇನ್ಮೇಲೆ ಕರಿಯಾಕಿಲ್ಲ. ಬ್ಯಾರೆ ಊರೋರು ಕಾಯ್ತಾವ್ರೆ." ನಾನು ಆಡಿ ಗಳಿಸಿದ ಹೆಸರು. ಅದನ್ನೇ ಪಟ್ಟಿಯಿಂದ ಹೊಡೆದು ಹಾಕುತ್ತಾರಂತೆ. ಕೋಪ ಬರಬಾರದಂತೆ!

ಹನ್ನೊಂದು ಸುತ್ತು

ಕೋಪ ಬಂದಾಗ ಪಂಚಾಕ್ಷರಿ ಜಪಿಸು ಎಂದು ನನಗೆ ದೀಕ್ಷೆ ಕೊಟ್ಟ ಗುರುಗಳು ಹೇಳಿದ್ದರು. ಅದಕ್ಕೇ ಆಟ ನೋಡಲು ಹೋಗುವಾಗ ಜಪಸರ ಕೈಯಲ್ಲೇ ಇರುತ್ತದೆ.

ಪಣಕಹಳ್ಳಿಯಲ್ಲಿ ಒಂದು ಭಾನುವಾರ ಆಟ. ನಮ್ಮ ಲಿಫ್ಟರಿಗೆ ಚೆಂಡು ಬಂತು. ಶಾಟ್ ಹೊಡೆಯುವವನು ನೆಟ್ಟಿನ ಮುಂದೆ ಎಗರಿದ. ಲಿಫ್ಟರ್ ಚೆಂಡನ್ನು ತನ್ನ ತಲೆಯ ಹಿಂದಕ್ಕೆ ಎತ್ತಿದ. ಹಿಂದೆ ನಮ್ಮವರು ಯಾರೂ ಇರಲಿಲ್ಲ. ನಾನು "ಓಂ ನಮಃ ಶಿವಾಯ" ಎಂದು ಒಂದು ಮಣಿ ಸರಿಸಿದೆ. ಮತ್ತೆ ಚೆಂಡು ಬಂತು, ಮತ್ತೆ ಹಿಂದಕ್ಕೇ ಹೋಯಿತು. ಎರಡನೇ ಸೆಟ್ಟಿನ ಹೊತ್ತಿಗೆ ನನ್ನ ಬೆರಳು ರಾಟೆಯ ಹಾಗೆ ತಿರುಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಪಣಕಹಳ್ಳಿಯ ಯಜಮಾನರೊಬ್ಬರು ಭಕ್ತಿಯಿಂದ ಕೈಮುಗಿದು, "ಇಷ್ಟು ಗದ್ದಲದಾಗೂ ಜಪ ಬುಟ್ಟಿಲ್ವಲ್ಲ ಅಯ್ನೋರು, ಎಂಥ ನಿಷ್ಠೆ!" ಅಂದರು.

ಆಟ ಮುಗಿಯುವಷ್ಟರಲ್ಲಿ ಸರ ಹನ್ನೊಂದು ಸುತ್ತು ಬಂದಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಶಿವರಾತ್ರಿ ದಿನವೂ ನೀವು ಅಷ್ಟು ಜಪ ಮಾಡಾಕಿಲ್ಲ," ಅಂದಳು ಅವಳು. "ಆ ಲಿಫ್ಟರ್ ಹೈದನ್ನ ಮಾತ್ರ ಟೀಮಿಂದ ತಗೀಬ್ಯಾಡಿ ಅಂತ ಏಳ್ರೀ. ನಿಮ್ಗೆ ಮೋಕ್ಷ ಸಿಗೋದಿದ್ರೆ ಅವನಿಂದಲೇಯ."

ಆನೆ ಗುಂಡಿ

ಲಿಫ್ಟರಿನ ಮೇಲೆ ಕೋಪ ಮಾಡಿಕೊಳ್ಳುವುದೂ ಸುಲಭವಲ್ಲ. ಅಷ್ಟು ಒಳ್ಳೆಯವನು. ತನ್ನ ಹೊಲದಲ್ಲಿ ಸೇವಂತಿಗೆ ಬೆಳೆಯುತ್ತಾನೆ. ವರ್ಷವಿಡೀ ಬೆಳಿಗ್ಗೆ ಒಂದು ಬುಟ್ಟಿ ಹೂ ಗುಡಿ ಬಾಗಿಲಿಗೆ ತಂದಿಟ್ಟು, ನನ್ನ ಕಾಲು ಮುಟ್ಟಿ, "ಬತ್ತೀನಿ ಬುದ್ಧಿ" ಎಂದು ಹೋಗುತ್ತಾನೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಎದುರು ಮಾತಾಡುವುದಿಲ್ಲ. ಮನುಷ್ಯನನ್ನು ಬೈಯುವುದಕ್ಕೆ ಒಂದು ಸಣ್ಣ ಕೆಟ್ಟ ಗುಣವಾದರೂ ಬೇಕಲ್ಲ! ಇವನಲ್ಲಿ ಹುಡುಕಿದರೂ ಇಲ್ಲ. ಲಿಫ್ಟ್ ಮಾಡಲು ಬರುವುದಿಲ್ಲ, ಅಷ್ಟೇ.

ನಮ್ಮೂರ ಅಂಕಣದ ಹಿಂದೆ ಮುಸುಕಿನ ಜೋಳದ ಹೊಲ, ಅದರಾಚೆ ಆನೆ ಬರದಂತೆ ಅರಣ್ಯದವರು ತೋಡಿಸಿದ ದೊಡ್ಡ ಗುಂಡಿ, ಅದರಾಚೆ ಕಾಡು. ತಾಳಮಲೆಯವರು ಆಡಲು ಬಂದಿದ್ದ ದಿನ ಇವನು ಹಿಂದಕ್ಕೆ ಎತ್ತಿದ ಚೆಂಡು ಯಾರದೋ ತಲೆಗೆ ಬಡಿದು, ಹೊಲದ ಇಳಿಜಾರಿನಲ್ಲಿ ಉರುಳಿ, ಸೀದಾ ಗುಂಡಿಗೆ ಬಿತ್ತು. ಆಟ ನಿಂತಿತು. ಲಿಫ್ಟರೇ ಏಣಿ ತಂದು, ಇಳಿದು, ಚೆಂಡು ಎತ್ತಿಕೊಂಡು ಬಂದು, ತಾಳಮಲೆಯವರ ಒಬ್ಬೊಬ್ಬರಿಗೂ ಕೈಮುಗಿದು "ತಪ್ಪಾಯ್ತು" ಅಂದ. ಹತ್ತು ನಿಮಿಷದಲ್ಲಿ ಮತ್ತೆ ಬಿತ್ತು. ಮತ್ತೆ ಏಣಿ, ಮತ್ತೆ ತಪ್ಪಾಯ್ತು. ಮೂರನೇ ಸಲ ಅವನು ಏಣಿಯನ್ನು ವಾಪಸು ತರಲೇ ಇಲ್ಲ; ಇರಲಿ ಅಂತ ಅಲ್ಲೇ ಬಿಟ್ಟುಬಂದ. ಹೆದರಬೇಡಿ, ಆಮೇಲೆ ತೆಗೆಸಿದೆವು. ಆನೆಗೆ ಏಣಿ ಇಟ್ಟುಕೊಟ್ಟ ಊರು ಎಂಬ ಹೆಸರೂ ಬರುವುದಿತ್ತು.

ಅಷ್ಟರಲ್ಲಿ ತಾಳಮಲೆಯವರು ತಂದಿದ್ದ ಕಡಲೆಕಾಯಿ ತಿಂದು ಮುಗಿಸಿ, ಒಂದು ನಿದ್ದೆಯನ್ನೂ ತೆಗೆದಿದ್ದರು. ಎದ್ದು ಬಂದು ನಮ್ಮನ್ನು ಸೋಲಿಸಿ ಹೋದರು.

ಕಾಡಂಚಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಫಾರೆಸ್ಟ್ ವಾಚರು ನನ್ನ ಹತ್ತಿರ ಬಂದ. "ಅಯ್ನೋರೇ, ಆನೆ ಈಚ್ಗೆ ಬರ್ದಂಗೆ ಅಂತ ಈ ಗುಂಡಿ ತೋಡುದ್ದು. ಇಪ್ಪತ್ತೊರ್ಸದಲ್ಲಿ ಒಂದಾನೆನೂ ಬಿದ್ದಿಲ್ಲ. ನಿಮ್ಮೂರ ಬಾಲು ಒಂದೇ ದಿನ ಮೂರು ಕಿತ ಬಿತ್ತು. ಆನೆಗಿರೋ ಬುದ್ಧಿ..." ಎಂದು ನನ್ನ ಮುಖ ನೋಡಿ, ಮುಂದಿನದನ್ನು ನುಂಗಿಕೊಂಡು, "ಮಾದಪ್ಪ ಕೊಡ್ಲಿ ಬುಡಿ," ಎಂದು ಕೈಮುಗಿದ.

ಪೊರುಮೈ

ಲಿಫ್ಟರ್ ಒಬ್ಬನನ್ನೇ ಅಂದು ಏನು ಪ್ರಯೋಜನ? ಅವನನ್ನು ಅಲ್ಲಿ ನಿಲ್ಲಿಸಿದವರು ನಮ್ಮ ಕೋಚು. ಅವರು ಪೀಟಿ ಮೇಷ್ಟ್ರಾಗಿ ಮೂವತ್ತು ವರ್ಷ ಕೆಳಗಡೆ ಬಯಲು ಸೀಮೆಯ ತಮಿಳು ಶಾಲೆಗಳಲ್ಲಿ ಕೆಲಸ ಮಾಡಿ, ನಿವೃತ್ತಿಯಾಗಿ ಊರಿಗೆ ಬಂದವರು. ಕೊರಳಲ್ಲಿ ಸೀಟಿ ಇನ್ನೂ ಇದೆ. ಅವರ ತರಬೇತಿಯೆಲ್ಲ ಒಂದೇ ತಮಿಳು ಮಾತಿನಲ್ಲಿ ಅಡಗಿದೆ: ಪೊರುಮೈ. ಅಂದರೆ ತಾಳ್ಮೆ.

ಎದುರಾಳಿಗೆ ಹದಿನೇಳು, ನಮಗೆ ಮೂರು ಆಗಿರುತ್ತದೆ. ಮೇಷ್ಟ್ರು ಅಂಚಿನಲ್ಲಿ ನಿಂತು, ಅಂಗೈ ಕೆಳಗೆ ಮಾಡಿ, ಅಳುವ ಮಗುವನ್ನು ತಟ್ಟುವ ಹಾಗೆ, "ಪೊರುಮೈ... ಪೊರುಮೈ..." ಅನ್ನುತ್ತಾರೆ. ಸೋಲುವುದಕ್ಕೆ ಅವಸರ ಯಾಕೆ ಅಂತಲೋ ಏನೋ!

ಟೈಮೌಟ್ ತೆಗೆದುಕೊಂಡರೆ ಇನ್ನೂ ಕಷ್ಟ. ಟೈಮೌಟ್ ಅಂದರೆ ಅರ್ಧ ನಿಮಿಷ. ಹುಡುಗರು ಬೆವರು ಒರೆಸಿಕೊಂಡು ಸುತ್ತ ನಿಲ್ಲುತ್ತಾರೆ. ಮೇಷ್ಟ್ರು ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಮೊದಲು ಅಂಕಣದ ನಾಲ್ಕು ಗೆರೆ ಎಳೆಯುತ್ತಾರೆ. ಒಂದು ಗೆರೆ ಸೊಟ್ಟಗಾದರೆ ಕಾಲಲ್ಲಿ ಅಳಿಸಿ ಮತ್ತೆ ಎಳೆಯುತ್ತಾರೆ. ಆಮೇಲೆ ನೆಟ್ಟು. ನೆಟ್ಟಿಗೆ ಎರಡು ಕಂಬ. "ನಾನು ಸರ್ವೀಸಿಗೆ ಸೇರಿದ ಹೊಸದರಲ್ಲಿ..." ಎಂದು ಶುರು ಮಾಡುವಷ್ಟರಲ್ಲಿ ಅಂಪೈರ್ ಸೀಟಿ ಊದುತ್ತಾನೆ. ಮೂರು ವರ್ಷದ ಟೈಮೌಟುಗಳೆಲ್ಲ ಕೂಡಿದರೂ ಮೇಷ್ಟ್ರು ಸರ್ವೀಸಿಗೆ ಸೇರಿದ ಹೊಸದರಲ್ಲಿ ಏನಾಯಿತು ಎಂಬುದು ನಮಗೆ ಇನ್ನೂ ತಿಳಿದಿಲ್ಲ.

ಶಾಟ್ ಹೊಡೆಯುವವನು ಕೋಸಿನ ಲೋಡಿಗೆ ಹೋಗುವ ಗಟ್ಟಿಮುಟ್ಟಾದ ಆಳು. ಒಂದು ದಿನ ಸೋತು ಬಂದು ಗುಡಿ ಜಗಲಿ ಮೇಲೆ ಕೂತ. "ಮ್ಯಾಲಕ್ಕೆ ಎಗುರುದ್ರೆ ಏನಾರಾ ಸಿಕ್ತದೇನ್ಲಾ?" ಅಂತ ಕೇಳಿದೆ.

"ಸಿಕ್ತದೆ ಬುದ್ಧಿ. ಗಾಳಿ ಸಿಕ್ತದೆ, ಗುಡಿ ಕಳಸ ಕಾಣ್ತದೆ, ಚೆನ್ನಾಗೇ ಅದೆ. ಬಾಲೊಂದು ಬುಟ್ಟು ಎಲ್ಲಾ ಸಿಕ್ತದೆ."

ಬಾಯಿ ಬಿಟ್ಟು ಕೇಳದ ಪ್ರಶ್ನೆ

ಪೊಂಗಲಿಗೆ ಮೂರು ವಾರವಿತ್ತು. ಊರಿನವರು ಗುಡಿ ಜಗಲಿಯಲ್ಲಿ ಸೇರಿದರು. ಲಿಫ್ಟರನ್ನು ಬದಲಾಯಿಸಲೇಬೇಕು ಎಂದು ಎಲ್ಲರೂ ಅಂದರು. ಯಾರು ಹೇಳುವುದು? ಎಲ್ಲರ ಮನೆಗೂ ಅವನು ಒಂದಲ್ಲ ಒಂದು ದಿನ ಹೂ ಕೊಟ್ಟವನು. "ಮೇಷ್ಟ್ರೇ ತೀರ್ಮಾನ ಮಾಡ್ಲಿ" ಎಂದು ಎದ್ದರು. ಮೇಷ್ಟ್ರು ತಲೆ ತುರಿಸಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ತೆಂಗಿನಕಾಯಿ, ವೀಳ್ಯದೆಲೆ ಹಿಡಿದು ಮೇಷ್ಟ್ರು ಗುಡಿಗೆ ಬಂದರು. "ಅಯ್ನೋರೇ, ಹೂವಿನ ಅಪ್ಪಣೆ ಕೇಳ್ಬೇಕು."

ನಮ್ಮಲ್ಲಿ ದೊಡ್ಡ ವಿಷಯಕ್ಕೆಲ್ಲ ಹೂ ಕೇಳುವ ಪದ್ಧತಿ. ಮಾದಪ್ಪನ ಮೊಗವಾಡದ ಬಲಕ್ಕೊಂದು, ಎಡಕ್ಕೊಂದು ಹೂ ಇಡುತ್ತೇನೆ. ಕೇಳುವವರು ಕಣ್ಣುಮುಚ್ಚಿ ಮನಸ್ಸಿನಲ್ಲೇ ಕೇಳಬೇಕು. ಬಾಯಿ ಬಿಟ್ಟು ಹೇಳುವಂತಿಲ್ಲ, ಪೂಜಾರಿ ವಿಚಾರಿಸುವಂತಿಲ್ಲ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ.

ಮೇಷ್ಟ್ರು ಏನು ಕೇಳುತ್ತಿದ್ದಾರೆ ಎಂದು ಊರಿಗೆಲ್ಲ ಗೊತ್ತಿತ್ತು: ಈಗಿನವನೇ ಲಿಫ್ಟರ್ ಆಗಿರಬಹುದೇ ಅಂತ. ಆಗಲೇ ಇಪ್ಪತ್ತು ಜನ ಬಾಗಿಲಲ್ಲಿ ನಿಂತಿದ್ದರು. ಲಿಫ್ಟರೂ ಹೂಬುಟ್ಟಿ ಹಿಡಿದು ನಿಂತಿದ್ದ.

ಈಗ ನನ್ನ ಪಾಪವನ್ನು ಹೇಳಿಬಿಡುತ್ತೇನೆ. ಒದ್ದೆ ಹೂ ಅಂಟಿಕೊಳ್ಳುತ್ತದೆ, ಒಣಹೂ ಬೇಗ ಜಾರುತ್ತದೆ. ಇದು ಪೂಜಾರಿಯಾದ ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿಲ್ಲದಂತೆ ಇರುವುದೇ ಪೂಜಾರಿಕೆ. ಬಲಗಡೆ ಇಡುವ ಹೂವನ್ನು ಕೈಯಲ್ಲಿ ಹಿಡಿದಿದ್ದೆ. ಪಕ್ಕದಲ್ಲಿ ಅಭಿಷೇಕದ ನೀರಿನ ಚೊಂಬು. ಒಂದೇ ಒಂದು ಸಲ ಅದ್ದಿದರೆ ಊರು ಉಳಿಯುತ್ತಿತ್ತು. ಕೈ ಚೊಂಬಿನ ತನಕ ಹೋಯಿತು ಕೂಡ. "ಶಿವಶಿವಾ, ನಿನ್ನ ಮುಂದೆಯೇ ಮೋಸವೇ?" ಎಂದು ಕಿವಿ ಹಿಡಿದುಕೊಂಡು, ಒಣಹೂವನ್ನೇ ಇಟ್ಟೆ. ದೇವರು ನೋಡುತ್ತಾನೆ, ಅವನಿಗೂ ಕಣ್ಣಿಲ್ಲವೇ, ಇವನ ಆಟ ಅವನೂ ಕಂಡಿರುತ್ತಾನೆ ಎಂಬ ಧೈರ್ಯ.

ಮೇಷ್ಟ್ರು ಕಣ್ಣು ಮುಚ್ಚಿದ್ದೇ ತಡ, ಕಾದು ಕೂತಿದ್ದ ಹಾಗೆ ಬಲಗಡೆ ಹೂ ಟಪ್ಪನೆ ಬಿತ್ತು.

ಮೇಷ್ಟ್ರ ಕಣ್ಣಲ್ಲಿ ನೀರು. ಹೊರಗೆ ಬಂದು ಲಿಫ್ಟರಿನ ಭುಜದ ಮೇಲೆ ಕೈಯಿಟ್ಟು, "ಮಾದಪ್ಪ ಒಪ್ಪವ್ನೆ. ಇನ್ನು ಇವ್ನೆ," ಅಂದರು. ಬಾಗಿಲಲ್ಲಿದ್ದವರೆಲ್ಲ ಮುಖ ಮುಖ ನೋಡಿಕೊಂಡು, ಉಸಿರು ಬಿಟ್ಟು, "ಉಘೇ ಮಾದಪ್ಪ" ಅಂದರು. ಅಷ್ಟು ಸತ್ತ ದನಿಯ ಉಘೇಯನ್ನು ನಾನು ಕೇಳಿರಲಿಲ್ಲ.

ಆ ಸಂಜೆ ದೀಪ ಹಚ್ಚಿದೆ, ನೈವೇದ್ಯ ಇಟ್ಟೆ, ಮಂಗಳಾರತಿ ಎತ್ತಿದೆ. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೆ ಮಾದಪ್ಪನ ಮುಖ ನೋಡಲಿಲ್ಲ. ಮೂರು ವಾರ ನಾನೂ ಅವನೂ ಮಾತು ಬಿಟ್ಟಿದ್ದೆವು.

ಹದಿಮೂರು, ಹದಿನಾಲ್ಕು

ಪೊಂಗಲ್ ಮುಗಿದ ಮಾರನೇ ದಿನ ತಾಳವಾಡಿಯಲ್ಲಿ ಪಂದ್ಯ. ಮೊದಲ ಆಟವೇ ಹಾಸನೂರಿನವರ ಮೇಲೆ ಬಿತ್ತು. ಅದು ಹೇಗೋ ಒಂದು ಸೆಟ್ಟು ಅವರಿಗೆ, ಒಂದು ನಮಗೆ ಆಯಿತು. ಲಿಫ್ಟರಿಗೆ ಜ್ವರವಿತ್ತಂತೆ; ಚೆಂಡನ್ನು ಹಿಂದಕ್ಕೆ ಎತ್ತುವಷ್ಟು ಶಕ್ತಿ ಇರಲಿಲ್ಲ. ಮೂರನೇ ಸೆಟ್ಟಿಗೆ ಜ್ವರ ಬಿಟ್ಟಿತು. ಆ ಕೊನೆಯ ಸೆಟ್ಟು ಹದಿನೈದಕ್ಕೇ ಮುಗಿಯುತ್ತದೆ. ನಮಗೆ ಹದಿಮೂರು, ಅವರಿಗೆ ಹದಿನಾಲ್ಕು. ಇನ್ನೊಂದು ಹೋದರೆ ನಮ್ಮೂರ ಹೆಸರೇ ಹೋಯಿತು.

ಮೇಷ್ಟ್ರು ಟೈಮೌಟ್ ತೆಗೆದುಕೊಂಡು, ಕಡ್ಡಿ ಹುಡುಕಿ, ನೆಲದ ಮೇಲೆ ಮೊದಲನೇ ಗೆರೆ ಎಳೆದರು.

ನನಗೆ ಏನಾಯಿತೋ ಗೊತ್ತಿಲ್ಲ. ಜಪಸರವನ್ನು ಜೇಬಿಗೆ ಹಾಕಿ ಎದ್ದು ನಿಂತೆ. "ಗೆರೆ ಸಾಕು ಮೇಷ್ಟ್ರೇ! ಅವನನ್ನ ಅಲ್ಲಿಂದ ತೆಗೀರಿ!" ಎಂದು ಕೂಗಿದೆ. ಆ ಜೋರು ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

ಎಲ್ಲರೂ ತಿರುಗಿ ನೋಡಿದರು. ಶಾಟ್ ಹೊಡೆಯುವವನು ಗಾಬರಿಯಾಗಿ, "ಬುದ್ಧಿ, ನೀವೇ ಇಂಗಂದ್ರೆ ಎಂಗೆ? ಮಾದಪ್ಪ ಬಲಗಡೆ ಕೊಟ್ಟವ್ನಲ್ಲ!" ಅಂದ.

"ಬಲಗಡೆ ಕೊಟ್ರೇನು?" ಅಂದರು ಮೇಷ್ಟ್ರು, ಕಡ್ಡಿ ಹಿಡಿದುಕೊಂಡೇ. "ಅದ್ಕೂ ಇದ್ಕೂ ಏನು?"

"ಇವ್ನೇ ಲಿಫ್ಟರ್ ಆಗಿರ್ಲಿ ಅಂತ ದೇವ್ರು ಅಪ್ಪಣೆ ಕೊಟ್ನಲ್ಲ ಮೇಷ್ಟ್ರೇ!"

ಮೇಷ್ಟ್ರು ಕಡ್ಡಿ ಕೆಳಗೆ ಹಾಕಿದರು. "ಅಯ್ಯೋ! ನಾನು ಕೇಳಿದ್ದು ಅದಲ್ಲ ಕಣ್ರಪ್ಪ. ನನ್ ಮಗಳ್ನ ಇವ್ನಿಗೆ ಕೊಡ್ಬೋದಾ ಅಂತ ಕೇಳ್ದೆ. ಧನುರ್ಮಾಸದಲ್ಲಿ ಮದ್ವೆ ಮಾತು ಎತ್ಬಾರ್ದು ಅಂತ ಯಾರಿಗೂ ಏಳಿರ್ಲಿಲ್ಲ. ಇವತ್ತು ಏಳಾನ ಅಂತಿದ್ದೆ."

ಅಂಪೈರ್ ಸೀಟಿಯನ್ನು ಬಾಯಿಗೆ ಇಟ್ಟುಕೊಂಡವನು ಊದುವುದನ್ನು ಮರೆತ. ಹಾಸನೂರಿನವರೂ ಹತ್ತಿರ ಬಂದು ನಿಂತರು.

"ಹಾಗಾದರೆ ಟೀಮಿನ ವಿಷಯ?" ಎಂದೆ.

"ಅದನ್ನ ದೇವ್ರನ್ನ ಕೇಳೋದೇನದೆ ಅಯ್ನೋರೇ? ಇವ್ನಿಗೆ ಬರಾಕಿಲ್ಲ ಅಂತ ಎಲ್ರಿಗೂ ಗೊತ್ತಲ್ಲ! ತೆಗೆದಾಕಾನ ಅಂತಲೇ ಇದ್ದೆ. ಊವು ಬಿದ್ದ ಮಾರ್ನೇ ದಿನವೇ ಊರೋರೆಲ್ಲ ಬಂದು, 'ಇವ್ನೇ ಆಡ್ಲಿ, ಇವ್ನೇ ಆಡ್ಲಿ' ಅಂದ್ರಿ. ನನ್ ಅಳಿಯನ ಮ್ಯಾಲೆ ನಿಮ್ಗಿಷ್ಟು ಪ್ರೀತಿ ಬಂತಲ್ಲ ಅಂತ ಸಂತೋಷಪಟ್ಟೆ."

ಲಿಫ್ಟರು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದ. ಒಳಗಿಂದಲೇ ಮೆಲ್ಲಗೆ ಅಂದ: "ನಂಗೂ ಈ ಲಿಫ್ಟರ್ ಕೆಲ್ಸ ಬ್ಯಾಡ ಬುದ್ಧಿ. ಮೂರೊರ್ಸದಿಂದ ಬುಡ್ಬೇಕು ಅಂತಾವ್ನಿ. ಈ ಕಿತ ದೇವ್ರೇ ಏಳವ್ನೆ ಅಂದ್ರಲ್ಲ ಅಂತ ಎದ್ರಿಕೊಂಡು ಆಡ್ದೆ."

ಇನ್ನು ತಡವೇನು? ಇಬ್ಬರ ಕೆಲಸವನ್ನೂ ಅದಲು ಬದಲು ಮಾಡಿದೆವು. ಚೆಂಡು ಎಲ್ಲಿ ಬರಬೇಕು ಎಂದು ಮೂರು ವರ್ಷ ಗಾಳಿಯಲ್ಲಿ ನಿಂತು ಯೋಚಿಸಿದ್ದವನು ಲಿಫ್ಟರ್ ಆದ. ಕೈಗೆ ಎಟುಕುವಂತೆ ತಂದಿಟ್ಟ. ಹಳೇ ಲಿಫ್ಟರು ಉದ್ದ ಆಳು, ನಾಚಿಕೆಯಲ್ಲಿ ಕಣ್ಣುಮುಚ್ಚಿಕೊಂಡೇ ಹೊಡೆದ. ಮೂರು ಹೊಡೆದ, ಮೂರೂ ಬಿತ್ತು. ಹದಿನಾರು, ಹದಿನಾಲ್ಕು. ಹೆಸರು ಉಳಿಯಿತು!

ಸಂಜೆ ಗುಡಿ ಬಾಗಿಲು ತೆರೆದು ಅಡ್ಡಬಿದ್ದೆ. "ತಪ್ಪಾಯ್ತು ಮಾದಪ್ಪ. ನೀನು ಸರಿಯಾಗೇ ಹೇಳಿದ್ದೆ. ನಿನ್ನ ಮೇಲೆ ಕೋಪ ಮಾಡಿಕೊಂಡೆ," ಎಂದು ಕಣ್ಣೀರು ಹಾಕಿದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಂದಳು: "ಅವ್ನು ಮನಸ್ಗೆ ಆಕ್ಕೊಂಡಿರಾಕಿಲ್ಲ ಬುಡಿ. ನೀವು ಮಾತು ಬುಟ್ಟಿದ್ದ ಮೂರು ವಾರ ಅವ್ನಿಗೂ ಒಸಿ ವಿಶ್ರಾಂತಿ ಸಿಕ್ತು."

ಮತ್ತೆ ಹೂ

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಎರಡನೇ ಸುತ್ತಿನಲ್ಲಿ ಮೇಷ್ಟ್ರು, "ಗೆದ್ದಿದ್ದು ಸಾಕು, ಈಗ ಪದ್ಧತಿ ಪ್ರಕಾರ ಆಡಾನ" ಎಂದು ಅಳಿಯನಾಗುವವನನ್ನು ಮತ್ತೆ ಲಿಫ್ಟರ್ ಮಾಡಿದರು. ಎದುರಿನವರು ನಲವತ್ತು ನಿಮಿಷದಲ್ಲಿ ನಮ್ಮನ್ನು ಮನೆಗೆ ಕಳಿಸಿದರು. ಮೇಷ್ಟ್ರು ಕೊನೆಯ ಪಾಯಿಂಟಿನ ತನಕ ಅಂಗೈ ತಟ್ಟುತ್ತ "ಪೊರುಮೈ" ಅನ್ನುತ್ತಿದ್ದರು. ಪಂಚಾಕ್ಷರಿಗೂ ನನ್ನ ಕೋಪ ಬಗ್ಗಲಿಲ್ಲ.

ಮದುವೆ ಮಾತ್ರ ಚೆನ್ನಾಗಿ ಆಯಿತು. ಮಾದಪ್ಪ ಒಪ್ಪಿದ ಗಂಡು. ಮೇಷ್ಟ್ರ ಮಗಳು ಸುಖವಾಗಿದ್ದಾಳೆ. ಅವನು ಈಗಲೂ ದಿನಾ ಬೆಳಿಗ್ಗೆ ಹೂ ತಂದಿಡುತ್ತಾನೆ.

ಮುಂದಿನ ಪಂದ್ಯದ ತಯಾರಿ ಶುರುವಾದಾಗ ಊರಿನವರು ಮತ್ತೆ ಜಗಲಿಯಲ್ಲಿ ಸೇರಿ, ಈ ಸಲ ಕೋಚನ್ನೇ ಬದಲಾಯಿಸಬೇಕು ಅಂದರು. ಮೇಷ್ಟ್ರು ಎದೆ ತಟ್ಟಿಕೊಂಡು, "ದೇವ್ರು ಏಳ್ಲಿ, ಬುಟ್ಟುಬುಡ್ತೀನಿ" ಅಂದರು. ನಾನು ಒಂದು ಹೊಸ ಕಟ್ಟಳೆ ಮಾಡಿದೆ: ಮಿಕ್ಕಿದ್ದನ್ನೆಲ್ಲ ಮನಸ್ಸಿನಲ್ಲಿ ಕೇಳಿ, ವಾಲಿಬಾಲಿನದು ಮಾತ್ರ ಬಾಯಿ ಬಿಟ್ಟು ಕೇಳಿ.

ಮೇಷ್ಟ್ರು ಇಡೀ ಊರಿಗೆ ಕೇಳುವಂತೆ ಕೂಗಿ ಕೇಳಿದರು: "ಅಪ್ಪಾ ಮಾದಪ್ಪ, ನಾನೇ ಕೋಚಾಗಿ ಇರ್ಬೋದಾ?"

ಬೆಳಿಗ್ಗೆ ಬಂದ ಹೂಬುಟ್ಟಿಯಲ್ಲಿ ಮೇಲುಗಡೆ ಎರಡೇ ಹೂ ಬೇರೆಯಾಗಿ, ಬಲಬದಿಗೊಂದು, ಎಡಬದಿಗೊಂದು ಇದ್ದವು. ಅವನ್ನೇ ಎತ್ತಿ ಬಲದ್ದನ್ನು ಬಲಕ್ಕೆ, ಎಡದ್ದನ್ನು ಎಡಕ್ಕೆ ಇಟ್ಟೆ. ಎಡಗಡೆ ಹೂ ಬಿತ್ತು. ಬಲಗಡೆಯದು ಅಲುಗಾಡಲೂ ಇಲ್ಲ.

ಮೇಷ್ಟ್ರು ಹೂವನ್ನು ನೋಡಿದರು. ಮುಂದಕ್ಕೆ ಬಾಗಿ ಮತ್ತೆ ನೋಡಿದರು. ಬಲಗಡೆ ಹೂವಿನಿಂದ ಒಂದು ಹನಿ ನೀರು ಇಳಿದು ಮೊಗವಾಡದ ಮೀಸೆಯ ಮೇಲೆ ನಿಂತಿತ್ತು.

"ಅಯ್ನೋರೇ!" ಎಂದು ನನ್ನ ಕಡೆ ತಿರುಗಿದರು. "ಇದು ಒದ್ದೆ ಊವು!"

"ಮಾದಪ್ಪನಾಣೆ, ನಾನು ಚೊಂಬು ಮುಟ್ಟಿಲ್ಲ ಮೇಷ್ಟ್ರೇ. ಬುಟ್ಟಿಯಲ್ಲಿ ಹೇಗಿತ್ತೋ ಹಾಗೆ ಇಟ್ಟೆ," ಎಂದೆ. ಅದು ಸತ್ಯವೇ.

ಮೇಷ್ಟ್ರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ಅಲ್ಲಿ ಹೂಬುಟ್ಟಿಯನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ, ಆ ಬಂಗಾರದಂಥ ಅಳಿಯ ನಿಂತಿದ್ದ. ಮಾವನ ಮುಖ ಕೆಂಪಗಾಗುವುದನ್ನು ನೋಡಿ, ಒಂದು ಅಂಗೈಯನ್ನು ಮೆಲ್ಲಗೆ ಕೆಳಗೆ ಮಾಡಿ, ಅಳುವ ಮಗುವನ್ನು ತಟ್ಟುವ ಹಾಗೆ ತಟ್ಟುತ್ತ ಅಂದ:

"ಪೊರುಮೈ, ಮಾವ... ಪೊರುಮೈ."